ಮೂರು ಪಟ್ಟೆಯ ಮೀನು

ಬಹಳ ಹಿಂದೆ, ಕಡಲು ಮನುಷ್ಯರ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ, ಹವಳದುರ್ಗವೆಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಇಬ್ಬರು ಮಕ್ಕಳು. ಮಗಳು ಹೊನ್ನಾಂಬೆ, ಮಗ ಚಿತ್ರಾಂಗ.

ಧೂಮಕೇಶಿ ಎಂಬ ಮಾಂತ್ರಿಕ ಬಂದು ರಾಜ್ಯವನ್ನು ಕೇಳಿದ. ರಾಜ ಕೊಡಲಿಲ್ಲ. ಮಾಂತ್ರಿಕ ಚಿತ್ರಾಂಗನನ್ನು ಬೆರಳುದ್ದದ ಕಡಲ ಮೀನಾಗಿ ಮಾಡಿ, ಉಪ್ಪುನೀರು ತುಂಬಿದ ಗಾಜಿನ ಕೊಳದಲ್ಲಿಟ್ಟ.

"ಇವನ ಮೈಮೇಲೆ ಮೂರು ಬಂಗಾರದ ಪಟ್ಟೆಗಳಿವೆ. ಮೂರೂ ಮಾಸಿದರೆ ಇವನು ಸಾಯುತ್ತಾನೆ, ರಾಜ್ಯ ನನ್ನದಾಗುತ್ತದೆ. ಮೂರೂ ಬೆಳಗಿದರೆ ಮಾಯೆ ನನಗೇ ತಿರುಗುತ್ತದೆ. ಕಡಲಿಗೆ ಬಿಟ್ಟಿರೋ, ಎಂದೆಂದಿಗೂ ಮೀನೇ!" ಎಂದು ನಕ್ಕು ಹೋದ.

ಮೀನು ಮೂಲೆ ಹಿಡಿಯಿತು. ಮೇವು ಮುಟ್ಟಲಿಲ್ಲ. ಕಿವಿರು ಬಡಿದುಕೊಳ್ಳುತ್ತಿತ್ತು. ಪಟ್ಟೆಗಳು ಬೂದಿಯ ಬಣ್ಣಕ್ಕೆ ತಿರುಗತೊಡಗಿದವು.

"ದೃಷ್ಟಿ ತಾಗಿದೆ ನನ್ನ ಕಂದನಿಗೆ," ಎಂದಳು ದಾದಿ ತಿಮ್ಮವ್ವ. ಪ್ರತಿದಿನ ಉಪ್ಪು, ಮೆಣಸಿನಕಾಯಿ ನೀವಾಳಿಸಿದಳು. ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು. ಉಪ್ಪನ್ನು ನೀರಿಗೆ ಬಿಡುವುದು ಪದ್ಧತಿಯಲ್ಲವೇ? ಕೊಳಕ್ಕೇ ಬಿಟ್ಟಳು. ಹೊನ್ನಾಂಬೆಯೂ ಒಂದು ಹಿಡಿ ಸೇರಿಸಿ ಕೈ ಮುಗಿದಳು.

ಮೀನು ಇನ್ನಷ್ಟು ಸೊರಗಿತು. ಹೊನ್ನಾಂಬೆ ಕೊಳದ ಬಳಿಯೇ ಕುಳಿತು ನೋಡಿದಳು. ಕೊನೆಗೆ ಕಡಲಿನ ನೀರನ್ನೂ ಕೊಳದ ನೀರನ್ನೂ ನಾಲಿಗೆಗಿಟ್ಟಳು.

"ತಿಮ್ಮವ್ವಾ, ಕಡಲು ಉಪ್ಪು. ಇದು ಕಹಿ!"

"ಅಯ್ಯೋ, ನನ್ನ ಕೈ ಸುಡಲಿ!"

"ನನ್ನ ಕೈಯೂ ಇದೆಯಲ್ಲ ಇದರಲ್ಲಿ. ಅಳಬೇಡ, ಸಿಹಿನೀರು ತಾ."

ತಿಮ್ಮವ್ವ ಕೊಡ ತಂದಳು. ಹೊನ್ನಾಂಬೆ ಸೌಟು ಕೇಳಿದಳು.

"ಸೌಟಿನಲ್ಲಿ ಕೊಳ ತುಂಬುತ್ತೀಯಾ ತಾಯಿ? ನನಗೆ ಇನ್ನೊಂದು ಜನ್ಮ ಬೇಕಾದೀತು!"

"ಎಲ್ಲ ಒಮ್ಮೆಲೇ ಬದಲಾದದ್ದಕ್ಕೇ ಅವನು ನಡುಗುತ್ತಿದ್ದಾನೆ. ಇನ್ನೊಮ್ಮೆ ಹಾಗಾಗುವುದು ಬೇಡ."

ಸೌಟು ಸೌಟಾಗಿ ಕಹಿ ನೀರು ತೆಗೆದಳು, ಸೌಟು ಸೌಟಾಗಿ ಸಿಹಿನೀರು ಬೆರೆಸಿದಳು. ನೀರು ಕಡಲಿನ ರುಚಿಗೆ ಬಂದಾಗ ಮೊದಲ ಪಟ್ಟೆ ಬೆಳಗಿತು.

ಸುದ್ದಿ ಹಬ್ಬಿ ಊರಿಗೆ ಊರೇ ಬಂತು. ದೀಪಗಳನ್ನು ಹಚ್ಚಿದರು. "ಯುವರಾಜರೇ, ಇತ್ತ ನೋಡಿ!" ಎಂದು ಗಾಜು ತಟ್ಟಿದರು. ಎಲ್ಲರದೂ ಪ್ರೀತಿಯೇ. ಮೀನು ಮಾತ್ರ ಗಾಜಿಗೆ ಮೂತಿ ಉಜ್ಜುತ್ತ ಅತ್ತಿಂದಿತ್ತ ಓಡಿತು.

"ದೃಷ್ಟಿ ತಾಗಿದ್ದು ನಿಜ ತಿಮ್ಮವ್ವಾ," ಎಂದಳು ಹೊನ್ನಾಂಬೆ. "ಇಷ್ಟೊಂದು ಕಣ್ಣು, ಅಡಗಲು ಒಂದು ಸಂದೂ ಇಲ್ಲ."

ಕಡಲ ಕಲ್ಲುಗಳನ್ನು ಜೋಡಿಸಿ ಗವಿ ಕಟ್ಟಿದಳು. ಕೊಳದ ಸುತ್ತ ತನ್ನ ಸೀರೆಗಳನ್ನು ಇಳಿಬಿಟ್ಟಳು. ದೀಪ ಆರಿಸಿ ಜನರನ್ನು ಕಳಿಸಿದಳು. ರಾಜ ಬಾಗಿಲಲ್ಲೇ ನಿಂತ.

"ನನ್ನ ಮಗನನ್ನು ನಾನೂ ನೋಡಬಾರದೇ?"

"ಈಗ ಬೇಡ ಅಪ್ಪಾಜಿ. ಅವನೇ ನಮ್ಮನ್ನು ನೋಡಲು ಬರಲಿ."

ಮೀನು ಗವಿ ಸೇರಿತು. ಬಹಳ ಹೊತ್ತು ಕಾಣಲೇ ಇಲ್ಲ. ಆಮೇಲೆ ಮೂತಿ ಹೊರಹಾಕಿತು, ಮೇವು ಕಚ್ಚಿತು. ಎರಡನೆಯ ಪಟ್ಟೆ ಬೆಳಗಿತು. ರಾಜ ಸೀರೆಯ ಮರೆಯಲ್ಲಿ ಕಣ್ಣೊರೆಸಿಕೊಂಡ.

ಇದನ್ನು ತಿಳಿದ ಧೂಮಕೇಶಿ ಮಾಯಾಮೊಸಳೆಯೊಂದನ್ನು ಕಳಿಸಿದ. ಭಯವೇ ಅದರ ಊಟ. ಯಾರು ಹೆದರಿದರೂ ಅದು ಒಂದು ಮೊಳ ಬೆಳೆಯುತ್ತಿತ್ತು. ಸೀರೆಗಳನ್ನು ಹರಿದು, ಗಾಜಿಗೆ ಬಾಯಿ ತೆರೆದು ನಿಂತಿತು. ಅದನ್ನು ಓಡಿಸಲು ಸೈನಿಕರು ನಗಾರಿ ಬಾರಿಸಿದರು. ಆ ಸದ್ದಿಗೆ ಮೀನು ಬೆಚ್ಚಿ ಗಾಜಿಗೆ ತಲೆ ಚಚ್ಚಿಕೊಂಡಿತು. ಪಟ್ಟೆಗಳು ಮಂಕಾದವು. ಮೊಸಳೆ ಚಾವಣಿಯ ಎತ್ತರಕ್ಕೆ ಬೆಳೆಯಿತು.

"ನಗಾರಿ ನಿಲ್ಲಿಸಿ! ಎಲ್ಲರೂ ಹೊರಗೆ ನಡೆಯಿರಿ," ಎಂದಳು ಹೊನ್ನಾಂಬೆ.

ಅವಳು ಮೊಸಳೆಗೂ ಗಾಜಿಗೂ ನಡುವೆ ಹೋಗಿ ಕುಳಿತಳು. ಮೊಸಳೆಗೆ ಬೆನ್ನು, ತಮ್ಮನಿಗೆ ಮುಖ. ಬಿಸಿಯುಸಿರು ಅವಳ ಹೆರಳನ್ನು ಸುಟ್ಟಿತು. ಅವಳು ತಿರುಗಲಿಲ್ಲ.

"ಚಿತ್ತೂ, ಇವತ್ತು ತಿಮ್ಮವ್ವ ಹೋಳಿಗೆ ಮಾಡಲು ಹೋಗಿ ಹಪ್ಪಳ ಮಾಡಿದಳು," ಎಂದು ಮೆಲ್ಲನೆ ಹೇಳಿದಳು. "ಅಪ್ಪಾಜಿ ಮಾತಾಡದೆ ತಿಂದರು ಪಾಪ."

ಮೀನಿನ ಕಿವಿರು ನಿಧಾನವಾಯಿತು. ಅದು ಅಕ್ಕನ ಮುಖದ ಎದುರಿಗೆ ಬಂದು ನಿಂತಿತು. ಊಟವಿಲ್ಲದ ಮೊಸಳೆ ಉಡವಾಯಿತು, ಉಡ ಹಲ್ಲಿಯಾಯಿತು, ಹಲ್ಲಿ ಗೋಡೆಯ ಸಂದಿಗೆ ಓಡಿತು. ಮೂರು ಪಟ್ಟೆಗಳೂ ಝಗ್ಗನೆ ಬೆಳಗಿದವು.

ಗಾಜು ನೀರಾಗಿ ಹರಿಯಿತು. ನೀರಿನ ನಡುವೆ ಚಿತ್ರಾಂಗ ನಿಂತಿದ್ದ. ಮೊಸಳೆಯ ಹಿಂದೆಯೇ ಬಂದು ಹೊರಗೆ ಅಂಗಳದಲ್ಲಿ ಕಾದಿದ್ದ ಧೂಮಕೇಶಿ ಬೂದುಬಣ್ಣದ ಮೀನಾಗಿ ಒದ್ದಾಡುತ್ತಿದ್ದ. ಹೊನ್ನಾಂಬೆ ಅವನನ್ನೂ ಕಡಲ ನೀರಿನ ಬಟ್ಟಲಲ್ಲಿ ಎತ್ತಿ, ಅಲುಗದಂತೆ ಕೊಂಡೊಯ್ದು ಕಡಲಿಗೆ ಬಿಟ್ಟಳು.

"ಅಕ್ಕಾ, ಮೊಸಳೆ ಅಷ್ಟು ಹತ್ತಿರವಿದ್ದರೂ ನೀನು ಹೆದರಲಿಲ್ಲವಲ್ಲ!" ಎಂದ ಚಿತ್ರಾಂಗ.

"ಮೊದಲು ಹೆದರಿದ್ದೆ ಕಣೋ. ಆಮೇಲೆ ನಿನ್ನ ಉಸಿರು ಎಣಿಸುತ್ತ ಕುಳಿತೆ, ಹೆದರುವುದಕ್ಕೆ ಪುರಸೊತ್ತೇ ಆಗಲಿಲ್ಲ."

ಅಂದಿನಿಂದ ಹವಳದುರ್ಗದಲ್ಲಿ ಎಲ್ಲರೂ ನಿಶ್ಚಿಂತೆಯಿಂದ ಉಂಡರು, ನಿಶ್ಚಿಂತೆಯಿಂದ ಮಲಗಿದರು. ಅಲ್ಲಿ ಇಂದಿಗೂ ಯಾರಾದರೂ ಬೆಚ್ಚಿ ಕುಳಿತರೆ ಕೂಗಿ ಸಮಾಧಾನ ಹೇಳುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ಹೋಗಿ ಕೂರುತ್ತಾರೆ.