ಹಳದಿ ಬೋಲ್ಟುಗಳ ಚೀಲ

ನವಸಾಗರದ ಹೊಗೆಯ ವಾಸನೆ ಅಜೀಜಾಗೆ ಚಿಕ್ಕಂದಿನಿಂದ ಗೊತ್ತು. ಗುಂಡ್ಲುಪೇಟೆಯ ಅಂಗಳದಲ್ಲಿ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಾ ಅದನ್ನು ಕುಡಿದೇ ಎದೆ ಕೆಡಿಸಿಕೊಂಡಿದ್ದ. ತಮ್ಮ ಮಹಬೂಬ್ ಬಾಗಿಲಲ್ಲಿ ನಿಂತಾಗ ಅವನ ಅಂಗಿಯಿಂದಲೂ ಅಂಥದೇ ಘಾಟು ಬಂತು.

"ಆಪಾ, ನಾನೇ ಮನುಷ್ಯನ್ನ ಕೊಂದೆ ಅಂತಾವ್ರೆ."

ಈರುಳ್ಳಿ ಮಂಡಿಯ ಚಾವಣಿ ಶೀಟು ಗಾಳಿಗೆ ಕಳಚಿ ಬಿದ್ದು ಹಮಾಲಿ ಮೂಗಯ್ಯ ಸತ್ತು ಹದಿನೈದು ದಿನವಾಗಿತ್ತು. ಶೀಟಿನ ಬೋಲ್ಟುಗಳು ಎರಡೇ ಮಳೆಗಾಲಕ್ಕೆ ತುಕ್ಕು ತಿಂದಿದ್ದವು. ಸತುವು ಲೇಪಿಸಿದ ಬೋಲ್ಟನ್ನು ಕೊನೆಗೆ ಕ್ರೋಮೇಟ್ ದ್ರಾವಣದಲ್ಲಿ ಅದ್ದಿದರೆ ಹಳದಿ ಬರುತ್ತದೆ, ತುಕ್ಕು ತಡೆಯುತ್ತದೆ. ಆ ಬೋಲ್ಟುಗಳನ್ನು ತಯಾರಿಸಿದ ಚಾಮರಾಜನಗರದ ಕಾರ್ಖಾನೆಯಲ್ಲಿ ಅದ್ದುವ ಕೆಲಸ ಮಹಬೂಬನದು. ಸೂಪರ್‌ವೈಸರ್ ಸೋಮೇಶ್ ತಪ್ಪನ್ನು ಅವನ ತಲೆಗೆ ಕಟ್ಟಿ ಹೊರಹಾಕಿದ್ದ.

ಅಜೀಜಾ ತಮ್ಮನನ್ನು ನಾಗಲಕ್ಷ್ಮಿ ಮೇಡಂ ಬಳಿಗೆ ಕರೆದೊಯ್ದಳು. ಮೇಡಂ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ. ಅವರ ಲ್ಯಾಬಿನಲ್ಲಿ ಅಜೀಜಾ ಇಪ್ಪತ್ತು ವರ್ಷ ಅಟೆಂಡರ್ ಆಗಿದ್ದಳು. ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಜಗುಲಿಗೇ ಬರುತ್ತಿದ್ದವು. ಅವರು ಮೊದಲು ನೋಡಿದ್ದು ಮಹಬೂಬನ ಬೆರಳುಗಳನ್ನು. ಗೆಣ್ಣುಗಳಲ್ಲಿ ಕೊರೆದಂಥ ಹುಣ್ಣುಗಳಿದ್ದವು.

"ಕ್ರೋಮೇಟಿನ ಹುಣ್ಣು. ಅದ್ದದವನಿಗೆ ಇದು ಆಗಲ್ಲ. ರಜ ಯಾವಾಗ ಹಾಕಿದ್ದೆ?"

"ವರ್ಸವರ್ಸ ರಂಜಾನ್ ಹಬ್ಬಕ್ಕೆ ನಾಕು ದಿನ. ಅಷ್ಟೇಯ."

ಮೇಡಂ ಕರೆಸಿದಂತೆ ಮರುದಿನ ಮಂಡಿಯಲ್ಲಿ ಎಲ್ಲರೂ ಸೇರಿದರು: ಪೊಲೀಸರು, ಕಾರ್ಖಾನೆಯ ಮಾಲೀಕ, ಮೂಗಯ್ಯನ ಹೆಂಡತಿ ಮಂಗಮ್ಮ. ಸೋಮೇಶ್ ವೀಳ್ಯದೆಲೆಗೆ ಸುಣ್ಣ ಸವರಿ ಬೆರಳನ್ನು ಕರವಸ್ತ್ರಕ್ಕೆ ಒರೆಸಿದ. ಅದರಲ್ಲೊಂದು ಕೆಂಪು ಗೆರೆ ಮೂಡಿತು. ಎಲೆ ಇನ್ನೂ ಅವನ ಅಂಗೈಯಲ್ಲೇ ಇತ್ತು.

ಮಹಬೂಬ್ ಅದ್ದಿದ್ದ ಒಂದು ಬೋಲ್ಟಿನ ಮೇಲೆ ಮೇಡಂ ಕ್ರೋಮೇಟ್ ಪತ್ತೆಹಚ್ಚುವ ದ್ರಾವಣದ ಹನಿ ಬಿಟ್ಟರು. ಹನಿ ನೇರಳೆಯಾಯಿತು. ಚಾವಣಿಗೆ ಬಳಸಿ ಚೀಲದಲ್ಲಿ ಉಳಿದಿದ್ದ ಹಳದಿ ಬೋಲ್ಟಿನ ಮೇಲೆ ಬಿಟ್ಟ ಹನಿ ನೀರಿನಂತೆಯೇ ಉಳಿಯಿತು.

"ಇದರಲ್ಲಿ ಕ್ರೋಮೇಟೇ ಇಲ್ಲ."

"ನಾನೇಳ್ಲಿಲ್ವಾ? ಅದ್ದೇ ಇಲ್ಲ ಕಣ್ರೀ ಅವ್ನು!" ಸೋಮೇಶ್ ನಕ್ಕ.

"ಮತ್ತೆ ಹಳದಿ ಎಲ್ಲಿಂದ ಬಂತು? ನಿಮ್ಮ ಸುಣ್ಣದ ಡಬ್ಬಿ ಕೊಡಿ."

ಸುಣ್ಣ ತಾಗಿದ್ದೇ ತಡ, ಬೋಲ್ಟು ಕೆಂಪಾಯಿತು.

"ಅಯ್ಯೋ, ಆರತಿ ನೀರು!" ಎಂದಳು ಮಂಗಮ್ಮ.

"ಹೌದಮ್ಮ. ಅರಿಶಿನ. ಚೀಲದ ಚೀಟಿಯಲ್ಲಿರೋದು ಚಾವಣಿ ಹಾಕಿದ ವರ್ಷದ ರಂಜಾನ್ ಹಬ್ಬದ ತಾರೀಖು. ಮಹಬೂಬ್ ಅವತ್ತು ರಜದಲ್ಲಿದ್ದ. ಇವನನ್ನ ಹೊರಹಾಕಿದ ಮೇಲೆ ಬೋಲ್ಟು ಅದ್ದೋ ತೊಟ್ಟಿ ನೋಡ್ತಿರೋದು ಸೋಮೇಶ್. ಎಲೆ ಬಾಯಿಗೆ ಹಾಕೋ ಮುಂಚೆಯೇ ಅವರ ಬೆರಳಿನ ಸುಣ್ಣ ಕೆಂಪಾಗಿ ಕರವಸ್ತ್ರಕ್ಕೆ ಹತ್ತಿತು. ಈಗಲೂ ಅರಿಶಿನ ಬಳೀತಿದ್ದಾರೆ."

ಸೋಮೇಶ್ ತಲೆ ತಗ್ಗಿಸಿದ. "ಕ್ರೋಮೇಟ್ ತರ್ಸದ ಮರ್ತ್ಬುಟ್ಟಿದ್ದೆ. ಲಾರಿ ಬಂದು ನಿಂತಿತ್ತು. ಒಂದ್ಸಲ ನಡೀತು..."

ಅವನನ್ನು ಜೀಪು ಹತ್ತಿಸಿದರು. ಮಧ್ಯಾಹ್ನದೊಳಗೆ ಕಾರ್ಖಾನೆಗೆ ಬೀಗ ಬಿತ್ತು. ಮಹಬೂಬನ ಮೇಲಿನ ಅಪವಾದವೇನೋ ಕಳೆಯಿತು, ಕೆಲಸಕ್ಕೆ ಮರಳುವ ದಾರಿಯೂ ಅದರ ಜೊತೆಗೇ ಮುಚ್ಚಿತು. ಆ ಕೈಗಳನ್ನು ಇನ್ನು ಯಾರು ಕೆಲಸಕ್ಕೆ ಕರೆಯುತ್ತಾರೆಂದು ಅಜೀಜಾ ಮೇಡಂ ಮುಖ ನೋಡಿದಳು. ಮೇಡಂ ದ್ರಾವಣದ ಸೀಸೆಯ ಬಿರಡೆ ಮುಚ್ಚತೊಡಗಿದರು.

ಗೋಡೆಗೊರಗಿ ಕುಳಿತಿದ್ದ ಮಹಬೂಬನ ಬಳಿಗೆ ಮಂಗಮ್ಮ ಬಂದಳು. ಅವನ ಬೆರಳುಗಳನ್ನೊಮ್ಮೆ ನೋಡಿ, ಹುಣ್ಣಿಗೆ ಖಾರ ತಾಗದಿರಲೆಂದು ಮಂಡಿಯ ಟೀ ಅಂಗಡಿಯಿಂದ ಒಂದು ಚಮಚ ಕೇಳಿ ತಂದಳು. ತನ್ನ ಬುತ್ತಿಯ ಮುಚ್ಚಳ ತೆಗೆದು, ಚಮಚವನ್ನು ಅದರಲ್ಲಿಟ್ಟು, ಅವನ ಮುಂದೆ ಹಿಡಿದಳು.