ಕೇಳದೆ ಕಿತ್ತ ಬುಡ

"ಬೇಕಾದರೆ ಬಾಯಿಬಿಟ್ಟು ಕೇಳು ವೈಜಯಂತಿ, ಒಂದು ಬುಡ ನಾನೇ ಬಿಡಿಸಿ ಕೊಡ್ತೀನಿ. ಕೇಳದೆ ಮಾತ್ರ ಮುಟ್ಟಬೇಡ. ಅದಕ್ಕೆ ಕಟ್ಟು ಹಾಕಿಸಿದ್ದೀನಿ."

ದೆಹಲಿಯ ಜನಕಪುರಿಯ ಆ ಗಲ್ಲಿಯಲ್ಲಿ ಇಂದಿರಮ್ಮನ ಪಂಪಾಸ್ ಹುಲ್ಲನ್ನು ನಿಂತು ನೋಡದೆ ಮುಂದೆ ಹೋದವರಿಲ್ಲ. ಆಳೆತ್ತರದ ಪೊದೆ. ಅದರ ನೆತ್ತಿಯಲ್ಲಿ ದೇವರಿಗೆ ಬೀಸುವ ಚಾಮರದಂಥ ಬಿಳಿ ಗರಿಗಳು. ಎಲೆಯ ಅಂಚು ಮಾತ್ರ ಗರಗಸ. ಚಳಿ ಇಳಿಯುತ್ತಿದ್ದ ಆ ದಿನ ಮುದುಕಿ ಪೊದೆಯನ್ನು ಹಗ್ಗದಿಂದ ತುರುಬಿನಂತೆ ಬಿಗಿದು, ಕೈಗೆ ಗೋಣಿ ಸುತ್ತಿಕೊಂಡು, ಬುಡಮಟ್ಟ ಕತ್ತರಿಸುತ್ತಿದ್ದರು.

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ವೈಜಯಂತಿ ನಕ್ಕುಬಿಟ್ಟಳು. "ಹುಲ್ಲಿಗೂ ಮಾಟಾನಾ? ಹಾಗಾದ್ರೆ ನಮ್ಮ ಕೊತ್ತಂಬರಿಗೂ ಒಂದು ಕಟ್ಟು ಹಾಕಿಸಿಕೊಡಿ, ಪಾರಿವಾಳದ ಕಾಟ ತಡೆಯೋಕಾಗ್ತಿಲ್ಲ!"

"ನಗು, ನಗು. ಕದ್ದವರ ಕೈ ಆ ಹುಲ್ಲೇ ಆಗಲಿ ಅಂತ ಕಟ್ಟಿಸಿರೋದು."

ಮಾಟವನ್ನು ನಂಬದ ವೈಜಯಂತಿ ಇನ್ನೊಂದನ್ನು ನಂಬಿದ್ದಳು: ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ. ಮಾರನೆಯ ಮಧ್ಯಾಹ್ನ ಮುದುಕಿ ಮಲಗಿದ್ದಾಗ ಕೈಗೆ ಬಟ್ಟೆ ಸುತ್ತಿಕೊಂಡು ಒಂದು ಬುಡವನ್ನು ಸೀಳಿ ಸೆರಗಿನಲ್ಲಿ ಮುಚ್ಚಿ ತಂದಳು. ಹಿತ್ತಲಲ್ಲಿ ಬಿಸಿಲು ಬೀಳುವ ಮೂಲೆ ನೋಡಿ, ನೀರು ನಿಲ್ಲದಂತೆ ಮಣ್ಣಿಗೆ ಮರಳು ಬೆರೆಸಿ ನೆಟ್ಟಳು.

ಕಳವು ಗೊತ್ತಾಗಲು ತಡವಾಗಲಿಲ್ಲ. ಇಂದಿರಮ್ಮನ ತಾರಸಿಯ ಕೋಣೆಯಲ್ಲಿ ಲೀಲಾವತಿ ಬಾಡಿಗೆಗಿದ್ದಳು. ಗದಗದ ಕಡೆಯವಳು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಬೀದಿಬೆಕ್ಕುಗಳಿಗೆ ಹಾಲೆರೆಯುವ ಅವಳ ಕೈತುಂಬ ಗೀರುಗಳು. ಇಂದಿರಮ್ಮನ ಕಣ್ಣು ಆ ಕೈಗಳ ಮೇಲೆ ನಿಂತಿತು.

"ಬೆಕ್ಕು ಪರಚಿದ್ದು, ಅಮ್ಮಾ," ಎಂದಳು ಲೀಲಾವತಿ.

"ವೈಜಯಂತಿ, ನೀನೇನಾದ್ರೂ ನೋಡಿದ್ಯಾ?"

ಒಂದು ಗಳಿಗೆ ಸಾಕಾಗಿತ್ತು. ನಾನೇ ತಗೊಂಡೆ ಎಂದು ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ವೈಜಯಂತಿ ನೆಲ ನೋಡುತ್ತ ಅಂದಳು: "ಆವತ್ತು ಇವಳು ಆ ಕಡೆ ಓಡಾಡ್ತಿದ್ದ ಹಾಗಿತ್ತು."

ಕೋಣೆ ಖಾಲಿ ಮಾಡಲು ಲೀಲಾವತಿಗೆ ಬೇಸಿಗೆಯವರೆಗೆ ಗಡುವು ಸಿಕ್ಕಿತು.

ಹಿತ್ತಲ ಬುಡ ಚಿಗುರಿತು. ಅದರ ಜೊತೆಗೇ ವೈಜಯಂತಿಯ ಅಂಗೈಯಲ್ಲಿ ಏನೋ ಒರಟು. ನಾದಿದ ಹಿಟ್ಟು ಎಳೆ ಎಳೆಯಾಗಿ ಸೀಳುತ್ತಿತ್ತು. ರೇಷ್ಮೆ ಸೀರೆ ಮುಟ್ಟಿದರೆ ದಾರ ಕಿತ್ತು ಬರುತ್ತಿತ್ತು. ಬೆರಳುಗಳಿಂದ ಹಸಿ ಹುಲ್ಲಿನ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ದೆಹಲಿಯ ಒಣಹವೆ ಎಂದು ಗಂಡ ಏಕನಾಥ ಮುಲಾಮು ತಂದುಕೊಟ್ಟ. ದೀಪ ಹಚ್ಚಲು ಕೂತಾಗ ಬತ್ತಿ ಕೈಯಲ್ಲೇ ತುಂಡಾಯಿತು. ಅಂದಿನಿಂದ ದೇವರ ಮುಖ ನೋಡಲು ಅವಳಿಗೆ ನಾಚಿಕೆ.

ಲೀಲಾವತಿಯ ಟ್ರಂಕು ಆಟೋಗೆ ಏರುತ್ತಿದ್ದ ಮಧ್ಯಾಹ್ನ ಆಂಧಿ ಎದ್ದಿತು. ಪಶ್ಚಿಮದಿಂದ ಕಂದು ಧೂಳಿನ ಗೋಡೆ. ಹಗಲೇ ಕತ್ತಲು. ಕರೆಂಟು ಹೋಯಿತು. ಮಗಳು ಅದಿತಿಯ ತಲೆ ಬಾಚುತ್ತಿದ್ದ ವೈಜಯಂತಿಯ ಬೆರಳು ಮಗುವಿನ ಎಡಗೆನ್ನೆಗೆ ತಾಗಿತು.

ಸರ್ರ್.

ಕೆಂಪು ಗೆರೆ. ಗೆರೆ ಅಗಲವಾಯಿತು. ರಕ್ತ ಕುತ್ತಿಗೆಗಿಳಿಯಿತು.

"ಮಮ್ಮೀ! ಮುಝೇ ಪಕಡೋ!"

ನನ್ನ ಹಿಡ್ಕೋ ಎಂದು ಮಗು ಕತ್ತಲಲ್ಲಿ ತಬ್ಬಿಕೊಳ್ಳಲು ಬಂದಿತು. ವೈಜಯಂತಿ ಎರಡೂ ಕೈ ಮೇಲೆತ್ತಿದಳು. ಹಿಂದೆ ಸರಿದಳು. ಗೋಡೆ. ಹಿತ್ತಲಲ್ಲಿ ಹುಲ್ಲು ಸರಸರ. ಸರಸರ ತನ್ನ ಬೆರಳಲ್ಲೇ. ಮಗು ಅಳುತ್ತಿದೆ. ಮುಟ್ಟುವಂತಿಲ್ಲ. ಎತ್ತುವಂತಿಲ್ಲ. ಕಣ್ಣೊರೆಸುವಂತಿಲ್ಲ.

ಅವಳು ಗಲ್ಲಿಗೆ ಓಡಿದಳು. ಹಿಂದೆಯೇ ಅದಿತಿ.

ಗೇಟಿನಲ್ಲಿದ್ದ ಇಂದಿರಮ್ಮ ಮಗುವಿನ ಕೆನ್ನೆ ನೋಡಿದರು. ಎತ್ತಿ ಹಿಡಿದ ಆ ಕೈಗಳನ್ನು ನೋಡಿದರು.

"ನೀನಾ?"

"ಕಟ್ಟು ಬಿಚ್ಚಿ ಅಮ್ಮಾ. ನನ್ನ ಮಗು..."

"ನನ್ನ ಕೈಲಾಗಲ್ಲ. ನೀನು ಅದನ್ನ ಯಾರ ತಲೆಗೆ ಕಟ್ಟಿದ್ಯೋ ಅವಳೆದುರೇ ಬಿಚ್ಚಬೇಕು."

ಆಟೋ ಭಯ್ಯಾ ನೋಡುತ್ತಿದ್ದ. ಬಾಗಿಲು ಬಾಗಿಲಲ್ಲಿ ಜನ. ಬಾಯಿತುಂಬ ಧೂಳು. "ನಾನೇ ಕದ್ದಿದ್ದು," ಎಂದಳು ವೈಜಯಂತಿ. ಗಾಳಿ ಮಾತನ್ನು ನುಂಗಿತು. ಗಂಟಲು ಹರಿಯುವಂತೆ ಕೂಗಿದಳು. "ಹುಲ್ಲು ಕದ್ದಿದ್ದು ನಾನು! ಲೀಲಾವತಿ ಮೇಲೆ ಸುಳ್ಳು ಹೇಳಿದ್ದೂ ನಾನೇ!"

ಲೀಲಾವತಿ ಆಟೋದಿಂದ ಇಳಿದು ಬಂದಳು. "ಬೇಡ, ಮುಟ್ಟಬೇಡ," ಎಂದು ವೈಜಯಂತಿ ಅನ್ನುವಷ್ಟರಲ್ಲಿ ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಬಿಟ್ಟಿದ್ದಳು. ರಕ್ತ ಬರಲಿಲ್ಲ. ಬರಿಯ ಕೈ. ಬೆವರಿನ, ಮೆತ್ತನೆಯ ಕೈ.

"ಸಾಮಾನು ಇಳಿಸಮ್ಮಾ," ಎಂದರು ಇಂದಿರಮ್ಮ. ಅವರ ದನಿಯೂ ಕುಗ್ಗಿತ್ತು.

"ಬೇಡ ಅಮ್ಮಾ. ನನ್ನ ಮಾತು ನಂಬದ ಮನೇಲಿ ನಂಗೆ ನಿದ್ದೆ ಬರಲ್ಲ."

ಆಟೋ ಧೂಳಿನಲ್ಲಿ ಕರಗಿತು. ವೈಜಯಂತಿ ಮಗಳ ಮುಂದೆ ಮಂಡಿಯೂರಿ, ಗಾಯವಿಲ್ಲದ ಬಲಗೆನ್ನೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಏನೂ ಆಗಲಿಲ್ಲ.

"ಝೂಠ್ ಆಪ್‌ನೇ ಬೋಲಾ ಥಾ?" ಎಂದಳು ಅದಿತಿ, ಸುಳ್ಳು ಹೇಳಿದ್ದು ನೀವೇನಾ ಎಂದು.

ತಾಯಿ ಹೌದೆಂದು ತಲೆಯಾಡಿಸಿದಳು. ಮಗು ಒಂದು ಹೆಜ್ಜೆ ಹಿಂದೆ ಸರಿದು, ಅವಳು ಮುಟ್ಟಿದ ಕೆನ್ನೆಯನ್ನು ಫ್ರಾಕಿನ ತೋಳಿನಿಂದ ಒರೆಸಿಕೊಂಡಿತು.