ಜೇಕಿನ ಆ ಕಡೆಯ ತುದಿ

"ನೀ ಬಾವಿ ಕಡಿಂದ ಬಾ, ನಾ ಬೇಲಿ ಕಡಿಂದ ಬರ್ತೀನಿ. ಜೇಕಿನ ಒಂದ್ ಗಡ್ಡಿನೂ ಬಿಡಂಗಿಲ್ಲ," ಎಂದು ಅತ್ತೆ ಜಂಬಮ್ಮ ನನ್ನ ಮದುವೆಯಾದ ವರ್ಷವೇ ಮಾತು ಕೊಟ್ಟಿದ್ದರು. ಅದು ಕೈಗೂಡುವ ಮೊದಲೇ, ಹೋದ ವರ್ಷ ಅವರು ತೀರಿಕೊಂಡರು. ನಮ್ಮ ಪದ್ಧತಿಯಂತೆ ಮಲಪನಗುಡಿಯ ಹೊಲದಲ್ಲೇ, ಬೇಲಿಯ ಪಕ್ಕ ಮಣ್ಣು ಮಾಡಿದೆವು.

ಅದೇ ಹೊಲದಲ್ಲಿ ಎರಡು ಸಲ ನೆಟ್ಟ ಬದನೆ ಸಸಿಗಳನ್ನು ಜೇಕು, ಗಡ್ಡೆಯಿಂದ ಮತ್ತೆ ಮತ್ತೆ ಚಿಗುರುವ ಆ ಕಳೆ, ತಿಂದುಹಾಕಿತ್ತು. ಈ ಸಲವೂ ಹೋದರೆ ತರಕಾರಿ ಮಡಿಯನ್ನೇ ಬಿಡಬೇಕಿತ್ತು. ನಾನು ದುಡಿಯುವ ಫ್ಯಾಕ್ಟರಿಗೆ ರಜೆಯಿದ್ದ ಭಾನುವಾರ ಮಧ್ಯಾಹ್ನ ಬಾವಿ ಕಡೆಯಿಂದ ಅಗೆಯತೊಡಗಿದೆ.

"ಅವ್ವಾ, ಬೇಲಿ ಕಡೆ ಯಾವಾಗ ಕಿತ್ತಿ? ಅರ್ಧ ಮುಗಿದೈತಲ್ಲ!" ಎಂದಳು ಮಗಳು ಗಂಗಾಂಬಿಕಾ.

ನಾನು ಆ ಕಡೆ ಹೋಗಿಯೇ ಇರಲಿಲ್ಲ. "ನಿಮ್ಮಪ್ಪ ಕಿತ್ತಿರಬೇಕು," ಅಂದೆ.

"ಅಪ್ಪ ಕಸ ಕಿತ್ತಿದ್ದು ನೀನರ ನೋಡೀಯೇನು?" ಎಂದು ನಕ್ಕಳು.

ಗಡ್ಡೆಯಿಂದ ಗಡ್ಡೆಗೆ ಹೋಗುವ ದಾರದಂಥ ಬೇರನ್ನು ಹಿಡಿದು ಎಳೆದೆ. ಉರಿಬಿಸಿಲಲ್ಲೂ ಅದು ತಣ್ಣಗಿತ್ತು. ಆ ತುದಿಯಿಂದ ಯಾರೋ ಮೆಲ್ಲಗೆ ಎರಡು ಸಲ ಎಳೆದರು.

"ಸಾಕ್ರಿ ಅತ್ತಿ, ಕುಂದ್ರಿ. ಉಳಿದಿದ್ದು ನಾ ತೆಗಿತೀನಿ," ಅಂದೆ. ಬೇರು ಸಡಿಲವಾಗಲಿಲ್ಲ.

ಸಂಜೆಗೆ ನಡುವೆ ಒಂದು ಮೊಳದಷ್ಟು ಉಳಿದಿತ್ತು. ಬೆನ್ನು ನೆಟ್ಟಗಾಗದೆ ಹಾಗೇ ಬಿಟ್ಟು ಬಂದೆ. ಬೆಳಿಗ್ಗೆ ಸಸಿ ನೆಡಲು ಹೋದಾಗ ಮಡಿಯಲ್ಲಿ ಒಂದು ಗಡ್ಡೆಯೂ ಇರಲಿಲ್ಲ. ಅತ್ತೆ ಮಾತು ಉಳಿಸಿಕೊಂಡರು.